ಕೃಪೆ, ಸ್ವಂತ ಇಚ್ಛೆ, ನಂಬಿಕೆ: ಕ್ರೈಸ್ತರ ಹಳೆಯ ವಾದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಸ್ಟಡಿಯಲ್ಲಿ ಯಾರಾದರೂ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ತೆರೆದರೆ ಸಾಕು, ಅವತ್ತಿನ ಕೂಟ ಬೇಗ ಮುಗಿಯುವುದಿಲ್ಲ. ದೇವರೇ ಆರಿಸುವುದಾದರೆ ನನ್ನದೇನು ಅಂತ ಒಬ್ಬರು. ನಾನೇ ಆರಿಸುವುದಾದರೆ ಕೃಪೆ ಯಾಕೆ ಅಂತ ಇನ್ನೊಬ್ಬರು. ಹಾಗೆ ಏಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳಲ್ಲಿ ನನ್ನ ಒಲವು ಕಾಣಿಸುತ್ತದೆ. ಅದನ್ನು ಮುಚ್ಚಿಡಲು ಹೋಗಿಲ್ಲ.

ಜಗಳ ನಿಜವಾಗಿ ಯಾವುದರ ಬಗ್ಗೆ?

ದೇವರ ಕೃಪೆ ಇಲ್ಲದೆ ರಕ್ಷಣೆ ಇಲ್ಲ ಅಂತ ಕ್ಯಾಥೊಲಿಕರು, ಲೂಥರನ್ನರು, 16ನೇ ಶತಮಾನದ ಸುಧಾರಕ ಕಾಲ್ವಿನ್ ಕಡೆಯವರು, ಮೆಥೊಡಿಸ್ಟರು, ಆರ್ಥೊಡಾಕ್ಸ್ ಸಭೆಯವರು ಎಲ್ಲರೂ ಒಪ್ಪುತ್ತಾರೆ. ಇಷ್ಟು ಮೊದಲೇ ತಿಳಿದುಕೊಂಡರೆ ಅರ್ಧ ಗಲಾಟೆ ಕಮ್ಮಿಯಾಗುತ್ತದೆ.

ಜಗಳ ಇರುವುದು ಇನ್ನೂ ಸಣ್ಣ ಜಾಗದಲ್ಲಿ. ಕೃಪೆ ಬಂದಾಗ ಮನುಷ್ಯ ಬೇಡ ಅನ್ನಬಹುದಾ? ಬೇಕು ಅಂದರೆ ಆ 'ಬೇಕು' ಬಂದದ್ದು ಎಲ್ಲಿಂದ? ಒಂದೇ ಪ್ರಸಂಗ ಕೇಳಿದ ಇಬ್ಬರಲ್ಲಿ ಒಬ್ಬ ನಂಬಿದ, ಇನ್ನೊಬ್ಬ ಎದ್ದು ಹೋದ. ವ್ಯತ್ಯಾಸ ಮಾಡಿದ್ದು ಯಾರು? ದೇವರು ಅಂದರೆ, ಎದ್ದು ಹೋದವನ ತಪ್ಪೇನು ಅನ್ನುವ ಪ್ರಶ್ನೆ ಬರುತ್ತದೆ. ಅವರವರೇ ಅಂದರೆ, ನಂಬಿದವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಹುದಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಹದಿನಾರು ಶತಮಾನಗಳಿಂದ ವಾದ ನಡೆಯುತ್ತಿರುವುದು ಇಷ್ಟರ ಸುತ್ತಲೇ.

ಇದು ಶುರುವಾದದ್ದು ಹೇಗೆ?

ಪೆಲೇಜಿಯಸ್ ಅಂತ ಒಬ್ಬ ವಿರಕ್ತರಿದ್ದರು. ಬ್ರಿಟನ್ ಕಡೆಯವರು, ರೋಮಿನಲ್ಲಿ ಬೋಧನೆ ಮಾಡುತ್ತಿದ್ದರು. ಕ್ರೈಸ್ತರು ಅನ್ನಿಸಿಕೊಂಡವರು ಹೇಗೆ ಬೇಕೋ ಹಾಗೆ ಬದುಕುವುದು, ಕೇಳಿದರೆ ಮನುಷ್ಯ ದುರ್ಬಲ ಅಲ್ವಾ ಅನ್ನುವುದು ಅವರಿಗೆ ಸಹಿಸುತ್ತಿರಲಿಲ್ಲ. ದೇವರು ಒಂದು ಆಜ್ಞೆ ಕೊಟ್ಟಿದ್ದರೆ ಅದನ್ನು ಪಾಲಿಸುವ ಶಕ್ತಿಯನ್ನೂ ಕೊಟ್ಟೇ ಇರುತ್ತಾನೆ ಅನ್ನುವುದು ಅವರ ವಾದ. ಆದಾಮ ನಮಗೆ ಕೆಟ್ಟ ಮಾದರಿ, ಅಷ್ಟೇ. ಅವನ ಪಾಪ ನಮ್ಮ ಇಚ್ಛೆಯನ್ನು ಕೆಡಿಸಿಲ್ಲ.

ಎದುರು ನಿಂತವರು ಅಗಸ್ಟೀನ್ (354–430), ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್. ನೀನು ಆಜ್ಞಾಪಿಸುವುದನ್ನು ಮಾಡುವ ಶಕ್ತಿ ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞಾಪಿಸು ಅನ್ನುವ ಅರ್ಥದ ಪ್ರಾರ್ಥನೆಯೊಂದು ಅವರ ಆತ್ಮಕಥೆಯಲ್ಲಿದೆ. ರೋಮಿನಲ್ಲಿ ಯಾರೋ ಅದನ್ನು ಹೇಳಿದಾಗ ಪೆಲೇಜಿಯಸ್‌ಗೆ ಸಿಟ್ಟು ತಡೆಯಲಾಗಲಿಲ್ಲ ಅಂತ ಅಗಸ್ಟೀನರೇ ಮುಂದೆ ಬರೆದರು. ಯಾವುದು ಸರಿ ಅಂತ ಗೊತ್ತಿದ್ದೂ ಬದಲಾಗಲು ಆಗದ ಕಷ್ಟ ಅಗಸ್ಟೀನರಿಗೆ ಯೌವನದಿಂದಲೇ ಗೊತ್ತಿತ್ತು. ಮನುಷ್ಯ ಆರಿಸುತ್ತಾನೆ, ನಿಜ. ಆದರೆ ತಾನು ಪ್ರೀತಿಸುವುದನ್ನೇ ಆರಿಸುತ್ತಾನೆ. ಪ್ರೀತಿಯೇ ದಾರಿ ತಪ್ಪಿದ್ದರೆ ಆಯ್ಕೆಯ ಸ್ವಾತಂತ್ರ್ಯ ಇಟ್ಟುಕೊಂಡು ಏನು ಮಾಡುವುದು? ಮೊದಲು ಆ ಪ್ರೀತಿಯನ್ನೇ ದೇವರು ಸರಿಮಾಡಬೇಕು ಅಂದರು.

415ರಲ್ಲಿ ಪ್ಯಾಲೆಸ್ಟೈನಿನ ಬಿಷಪ್‌ಗಳ ಸಭೆಯೊಂದು ಪೆಲೇಜಿಯಸ್ ತಪ್ಪಿತಸ್ಥರಲ್ಲ ಅಂತ ಬಿಟ್ಟಿತು. 418ರಲ್ಲಿ ಕಾರ್ತೇಜಿನ ಸಭೆ ಅವರ ಬೋಧನೆಯನ್ನು ಖಂಡಿಸಿತು. ಕೊನೆಗೆ ನಿಂತದ್ದು ಕಾರ್ತೇಜಿನ ಮಾತು. ಪೆಲೇಜಿಯಸ್ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬಿಡಬೇಕು ಅಂತ ಮನಸಾರೆ ಬಯಸಿಯೂ ಕುಡಿತ ಬಿಡಲಾಗದವರನ್ನು ಹತ್ತಿರದಿಂದ ನೋಡಿದವರಿಗೆ ಅಗಸ್ಟೀನರ ಮಾತೇ ನಿಜ ಅನ್ನಿಸುತ್ತದೆ.

ಎಲ್ಲವೂ ಕೃಪೆ ಅಂದರೆ, ತಪ್ಪು ಮಾಡಿದವರನ್ನು ಬೈಯುವುದು ಯಾಕೆ?

ಈ ಪ್ರಶ್ನೆ ಅಗಸ್ಟೀನರ ಕಾಲದಲ್ಲೇ ಬಂತು. ಈಗಿನ ಟ್ಯುನೀಷಿಯಾದಲ್ಲಿರುವ ಹದ್ರುಮೇಟಂ ಮಠದ ಕೆಲವು ಸನ್ಯಾಸಿಗಳು ಅವರ ಬರಹ ಓದಿ ಒಂದು ತೀರ್ಮಾನಕ್ಕೆ ಬಂದರು. ನಾವು ಆಜ್ಞೆ ಮೀರಿದರೆ ಮಠದ ಹಿರಿಯರು ಬೈಯಬಾರದು, ಕೃಪೆ ಸಿಗಲಿ ಅಂತ ಪ್ರಾರ್ಥಿಸಿದರೆ ಸಾಕು! ಜಾಣತನದ ವಾದ, ಅಲ್ವಾ? ಮುದುಕರಾಗಿದ್ದ ಅಗಸ್ಟೀನರು ಇದಕ್ಕೆ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಬೈಗುಳವೂ ದೇವರು ಬಳಸುವ ಸಾಧನ. ಯಾರು ಆರಿಸಲ್ಪಟ್ಟವರು ಅಂತ ನಮಗೆ ಗೊತ್ತಿಲ್ಲ, ಹಾಗಾಗಿ ಎಲ್ಲರನ್ನೂ ತಿದ್ದಬೇಕು.

ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ದಕ್ಷಿಣ ಫ್ರಾನ್ಸಿನ ಮಾರ್ಸೇಯಲ್ಲಿ ಜಾನ್ ಕ್ಯಾಸಿಯನ್ ಮತ್ತು ಅವರ ಕಡೆಯವರು, ಕೆಲವರಲ್ಲಿ ಮೊದಲ ಹೆಜ್ಜೆ ಮನುಷ್ಯನದ್ದೇ ಇರಬಹುದು ಅಂದರು. 529ರಲ್ಲಿ ಆರಾಂಜ್ ಊರಿನಲ್ಲಿ ಸೇರಿದ ಸಭೆ ಅದನ್ನು ಒಪ್ಪಲಿಲ್ಲ. ನಂಬಿಕೆಯ ಮೊದಲ ಚಿಗುರೂ ಕೃಪೆಯೇ ಅಂತ ತೀರ್ಮಾನಿಸಿತು. ಜೊತೆಗೆ, ದೇವರು ಯಾರನ್ನೋ ಕೆಟ್ಟದ್ದಕ್ಕೆಂದೇ ನೇಮಿಸಿದ್ದಾನೆ ಅನ್ನುವವರನ್ನೂ ಖಂಡಿಸಿತು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಲೂಥರ್ ಜಗಳವಾಡಿದ್ದು ಪೋಪರ ಜೊತೆ ಅಲ್ವಾ? ಇದಕ್ಕೂ ಅವರಿಗೂ ಏನು ಸಂಬಂಧ?

ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಪ್ರಕಾರ ಅಸಲಿ ಜಗಳ ಇದೇ. 1524ರಲ್ಲಿ ದೊಡ್ಡ ವಿದ್ವಾಂಸ ಎರಾಸ್ಮಸ್ ಸ್ವಂತ ಇಚ್ಛೆಯ ಪರವಾಗಿ ಒಂದು ಪುಸ್ತಕ ಬರೆದರು. ಮರು ವರ್ಷ ಲೂಥರ್ ಅದಕ್ಕಿಂತ ಎಷ್ಟೋ ದಪ್ಪದ ಉತ್ತರ ಬರೆದರು. ಉದ್ದಕ್ಕೂ ಬೈದು ಕೊನೆಗೆ ಎರಾಸ್ಮಸ್‌ಗೆ ಥ್ಯಾಂಕ್ಸ್ ಹೇಳಿದರು. ಉಳಿದವರೆಲ್ಲ ಪೋಪ್, ಪಾಪಕ್ಷಮೆ ಪತ್ರ ಅಂತ ಹೊರಗಿನ ವಿಷಯ ಹಿಡಿದು ಕೂತಿದ್ದಾರೆ, ನೀವೊಬ್ಬರೇ ಮೂಲಕ್ಕೆ ಕೈ ಹಾಕಿದ್ದೀರಿ ಅಂತ. ಎರಾಸ್ಮಸ್ ಕೇಳಿದ್ದು ಸರಳ ಪ್ರಶ್ನೆ: ಮಾಡಲು ಆಗದವನಿಗೆ ಮಾಡು ಅಂತ ದೇವರು ಯಾಕೆ ಹೇಳುತ್ತಾನೆ? ಲೂಥರ್ ಉತ್ತರ: ನಿನ್ನಿಂದ ಆಗುವುದಿಲ್ಲ ಅಂತ ನಿನಗೇ ಗೊತ್ತಾಗಲಿ ಅಂತ.

ಹಾಗಾದರೆ ಕ್ಯಾಥೊಲಿಕರು ಸತ್ಕ್ರಿಯೆಯಿಂದ ರಕ್ಷಣೆ ಅಂತ ನಂಬುತ್ತಾರಾ?

ಇಲ್ಲ. ಈ ಮಾತನ್ನು ನಮ್ಮ ಪ್ರಾಟೆಸ್ಟೆಂಟ್ ವೇದಿಕೆಗಳಲ್ಲಿ ಸುಮ್ನೆ ಹೇಳುತ್ತಾ ಬಂದಿದ್ದೇವೆ. ಲೂಥರ್ ಕಡೆಯವರಿಗೆ ಉತ್ತರವಾಗಿ ಕ್ಯಾಥೊಲಿಕರು ಸೇರಿಸಿದ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಹೊರಡಿಸಿದ ನಿರ್ಣಯ ತೆಗೆದು ನೋಡಿ. ಕೃಪೆ ಇಲ್ಲದೆ ಬರೀ ತನ್ನ ಕ್ರಿಯೆಗಳಿಂದ ನೀತಿವಂತನಾಗಬಹುದು ಅನ್ನುವವರಿಗೆ ಅದರ ಮೊದಲ ನಿಯಮದಲ್ಲೇ ಖಂಡನೆ ಇದೆ. ಆದರೆ ದೇವರು ಮುಟ್ಟಿದ ಇಚ್ಛೆ ಅವನೊಂದಿಗೆ ಸಹಕರಿಸುತ್ತದೆ, ಬೇಕಾದರೆ ಒಲ್ಲೆ ಅನ್ನಲೂಬಹುದು ಅಂತ ಟ್ರೆಂಟ್ ಹೇಳಿತು. ಲೂಥರ್ ಕಡೆಯವರಿಗೆ ಹಿಡಿಸದ್ದು ಈ ಮಾತು.

ಕ್ಯಾಥೊಲಿಕರ ಒಳಗೂ ಇದೇ ವಾದ ಜೋರಾಗಿ ನಡೆಯಿತು. ಜೆಸ್ವಿಟ್ ಪಾದ್ರಿ ಲೂಯಿಸ್ ಡಿ ಮೊಲಿನಾ 1588ರಲ್ಲಿ ಒಂದು ದಾರಿ ತೋರಿಸಿದರು. ಯಾವ ಸಂದರ್ಭದಲ್ಲಿ ಯಾರು ಸ್ವಂತ ಇಚ್ಛೆಯಿಂದ ಏನು ಮಾಡುತ್ತಾರೆ ಅಂತ ದೇವರಿಗೆ ಮೊದಲೇ ಗೊತ್ತು, ಅದನ್ನು ನೋಡಿಕೊಂಡೇ ಲೋಕವನ್ನು ನಡೆಸುತ್ತಾನೆ ಅಂತ. ಇನ್ನೊಂದು ಕ್ಯಾಥೊಲಿಕ್ ಸನ್ಯಾಸಿ ಸಂಘದವರಾದ ಡೊಮಿನಿಕನ್ನರು ಸಿಡಿದೆದ್ದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೇ ಪೌಲ್ ಯಾವ ತೀರ್ಪನ್ನೂ ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ ಅಂತ ಹೇಳಿ ಕಳಿಸಿಬಿಟ್ಟರು. ಚರ್ಚ್ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ತೀರ್ಪು ಇದು.

1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಈ ವಿಷಯದ ಮೂಲ ಸತ್ಯಗಳಲ್ಲಿ ತಾವು ಒಂದೇ ಅಂತ ಜಂಟಿ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ (ಕಾಲ್ವಿನ್ ಪರಂಪರೆಯ) ಸಭೆಗಳ ಜಾಗತಿಕ ಒಕ್ಕೂಟ ಸೇರಿಕೊಂಡವು.

ಕಾಲ್ವಿನಿಸ್ಟ್, ಆರ್ಮಿನಿಯನ್ ಅಂತಾರಲ್ಲ, ಏನದು?

ಇದಕ್ಕೆ ಹಾಲೆಂಡಿಗೆ ಹೋಗಬೇಕು. ಯಾಕೋಬಸ್ ಆರ್ಮಿನಿಯಸ್ ಓದಿದ್ದು ಜಿನೀವಾದಲ್ಲಿ, ಕಾಲ್ವಿನರ ಉತ್ತರಾಧಿಕಾರಿ ಬೇಜಾ ಅವರ ಹತ್ತಿರ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪಾಸ್ಟರ್ ಆಗಿದ್ದು, 1603ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅಲ್ಲಿ ಗೊಮಾರಸ್ ಅನ್ನುವ ಸಹೋದ್ಯೋಗಿಯ ಜೊತೆ ಜಟಾಪಟಿ ಶುರುವಾಯಿತು. ಗೊಮಾರಸ್ ಪ್ರಕಾರ ಯಾರನ್ನು ರಕ್ಷಿಸಬೇಕು ಅನ್ನುವುದು ದೇವರ ಸ್ವತಂತ್ರ ತೀರ್ಮಾನ, ಮನುಷ್ಯನಲ್ಲಿರುವ ಯಾವುದನ್ನೂ ನೋಡಿ ಮಾಡಿದ್ದಲ್ಲ. ಆರ್ಮಿನಿಯಸ್ ಪ್ರಕಾರ, ಯಾರು ನಂಬುತ್ತಾರೆ ಅಂತ ಮುಂದಾಗಿ ಬಲ್ಲ ದೇವರು ಅಂಥವರನ್ನು ಆರಿಸಿದ್ದಾನೆ.

1609ರಲ್ಲಿ ಆರ್ಮಿನಿಯಸ್ ತೀರಿಹೋದರು. ಮರುವರ್ಷ ಅವರ ಕಡೆಯ ನಲವತ್ತಕ್ಕೂ ಹೆಚ್ಚು ಪಾಸ್ಟರರು ಐದು ಅಂಶಗಳ ಮನವಿ ಬರೆದು ಸರ್ಕಾರಕ್ಕೆ ಕೊಟ್ಟರು. ನಂಬುವವರನ್ನು ದೇವರು ಆರಿಸಿದ್ದಾನೆ. ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ. ಕೃಪೆ ಇಲ್ಲದೆ ಯಾರಿಂದಲೂ ಒಳ್ಳೆಯದು ಆಗದು. ಆದರೆ ಆ ಕೃಪೆಯನ್ನು ತಳ್ಳಿಹಾಕಬಹುದು. ಐದನೆಯದು, ನಂಬಿದವರು ಬಿದ್ದುಹೋಗಬಹುದಾ ಅನ್ನುವುದು. ಅದರ ಬಗ್ಗೆ ಇನ್ನೂ ಬೈಬಲ್ ಓದಿ ನೋಡಬೇಕು ಅಂತ ಬಿಟ್ಟರು. ಆರ್ಮಿನಿಯನ್ನರು ಪೆಲೇಜಿಯಸ್‌ನ ಮಕ್ಕಳು ಅಂತ ಬೈಯುವವರು ಮೂರನೇ ಅಂಶವನ್ನು ಓದಿಲ್ಲ ಅಂತಲೇ ಲೆಕ್ಕ.

ಆಮೇಲೆ ರಾಜಕೀಯ ಸೇರಿಕೊಂಡಿತು. ಸ್ಪೇನ್ ಜೊತೆಗಿನ ಯುದ್ಧ 1609ರಿಂದ ಹನ್ನೆರಡು ವರ್ಷಕ್ಕೆ ನಿಂತಿತ್ತು. ಈ ಒಪ್ಪಂದ ಮಾಡಿಸಿದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್ ಆರ್ಮಿನಿಯನ್ನರಿಗೆ ಆಸರೆಯಾಗಿದ್ದರು. ಸೇನಾಪತಿ ರಾಜಕುಮಾರ ಮೌರಿಸ್‌ಗೆ ಆ ಒಪ್ಪಂದವೂ ಬೇಡ, ಅವರೂ ಬೇಡ. ಮೌರಿಸ್ ಎದುರು ಪಕ್ಷ ಸೇರಿದರು. ಓಲ್ಡನ್‌ಬಾರ್ನೆವೆಲ್ಟ್ ಜೈಲು ಸೇರಿದರು. 1618ರ ನವೆಂಬರಿನಲ್ಲಿ ಡಾರ್ಟ್ ನಗರದಲ್ಲಿ ಸಿನೊಡ್, ಅಂದರೆ ಚರ್ಚಿನ ಮಹಾಸಭೆ, ಸೇರಿತು. ಇಂಗ್ಲೆಂಡ್, ಜರ್ಮನ್ ಪ್ರಾಂತ್ಯಗಳು, ಜಿನೀವಾ, ಬಾಸೆಲ್‌ನಿಂದಲೂ ಪ್ರತಿನಿಧಿಗಳು ಬಂದಿದ್ದರು. ಫ್ರಾನ್ಸಿನವರನ್ನು ಅಲ್ಲಿನ ರಾಜ ಬಿಡಲಿಲ್ಲ. ಆರ್ಮಿನಿಯನ್ನರು ಬಂದದ್ದು ಆರೋಪಿಗಳಾಗಿ, ಸದಸ್ಯರಾಗಿ ಅಲ್ಲ. ಜನವರಿಯಲ್ಲಿ ಅಧ್ಯಕ್ಷರು ಅವರನ್ನು ಸಭೆಯಿಂದಲೇ ಹೊರಗೆ ಕಳಿಸಿದರು. ಅವರ ಐದು ಅಂಶಗಳನ್ನು ಸಭೆ ತಳ್ಳಿಹಾಕಿತು. ಸುಮಾರು 200 ಪಾಸ್ಟರರು ಕೆಲಸ ಕಳೆದುಕೊಂಡರು. 1619ರ ಮೇ 13ರಂದು ಹೇಗ್ ನಗರದಲ್ಲಿ ಎಪ್ಪತ್ತು ದಾಟಿದ ಓಲ್ಡನ್‌ಬಾರ್ನೆವೆಲ್ಟರ ತಲೆ ಕಡಿದರು. ಅವರ ಜೊತೆಗಾರ, ಜೀವಾವಧಿ ಜೈಲಾದ ಕಾನೂನು ಪಂಡಿತ ಹ್ಯೂಗೋ ಗ್ರೋಷಿಯಸ್ ಮಾತ್ರ 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಕೋಟೆಯಿಂದ ತಪ್ಪಿಸಿಕೊಂಡರು. ಐಡಿಯಾ ಅವರ ಹೆಂಡತಿಯದ್ದು.

ಡಾರ್ಟ್ ನಿರ್ಣಯಗಳನ್ನು ಓದಿದಾಗ ನನಗೆ ಗೌರವ ಮೂಡುತ್ತದೆ. ಅವನ್ನು ಹೇರಿದ ರೀತಿ ನೋಡಿದಾಗ ಆ ಗೌರವ ಉಳಿಯುವುದಿಲ್ಲ.

ಡಾರ್ಟ್ ಪ್ರಕಾರ ಮನುಷ್ಯ ಬರೀ ಗೊಂಬೆಯಾ?

ಅದನ್ನು ಅವರೇ ಅಲ್ಲಗಳೆದಿದ್ದಾರೆ. ಕೃಪೆ ಮನುಷ್ಯರನ್ನು ಕಲ್ಲು ಕೊರಡುಗಳ ಹಾಗೆ ನಡೆಸಿಕೊಳ್ಳುವುದಿಲ್ಲ, ಇಚ್ಛೆಯನ್ನು ಕಿತ್ತುಹಾಕುವುದಿಲ್ಲ, ಅದಕ್ಕೆ ಜೀವ ಕೊಟ್ಟು ತಿರುಗಿಸುತ್ತದೆ ಅಂತ ನಿರ್ಣಯದಲ್ಲೇ ಇದೆ. ಕ್ರಿಸ್ತನ ಮರಣ ಇಡೀ ಲೋಕದ ಪಾಪಕ್ಕೆ ಸಾಕಾಗುವಷ್ಟಿದೆ ಅಂತಲೂ ಇದೆ. ಆದರೆ ಅದು ಕೆಲಸ ಮಾಡಿ ರಕ್ಷಿಸುವುದು ಆರಿಸಲ್ಪಟ್ಟವರನ್ನು ಮಾತ್ರ. ಇಂಟರ್ನೆಟ್ಟಿನಲ್ಲಿ ಓಡಾಡುವ 'ಟ್ಯುಲಿಪ್' (TULIP), ಅಂದರೆ ಕಾಲ್ವಿನ್ ಮತದ ಐದು ಅಂಶಗಳನ್ನು ಹೇಳುವ ಐದಕ್ಷರದ ಸೂತ್ರ, ಡಾರ್ಟ್‌ನದ್ದಲ್ಲ. ಅದು 20ನೇ ಶತಮಾನದ ಇಂಗ್ಲಿಷ್‌ನದ್ದು.

ವೆಸ್ಲಿ ಯಾವ ಕಡೆ?

ಮೆಥೊಡಿಸ್ಟ್ ಚಳುವಳಿ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ ಆರ್ಮಿನಿಯಸ್ ಕಡೆ, ಮುಚ್ಚುಮರೆ ಇಲ್ಲದೆ. 1778ರಲ್ಲಿ ಶುರು ಮಾಡಿದ ಪತ್ರಿಕೆಗೆ 'ಆರ್ಮಿನಿಯನ್ ಮ್ಯಾಗಜೀನ್' ಅಂತಲೇ ಹೆಸರಿಟ್ಟರು. ಆದರೆ ಮನುಷ್ಯ ಹುಟ್ಟಾ ಸ್ವತಂತ್ರ ಅಂತ ಅವರು ಹೇಳಲಿಲ್ಲ. ನಾವು ಕರೆಯುವ ಮೊದಲೇ ಬರುವ ಒಂದು ಕೃಪೆ ಇದೆ, ಅದು ಪ್ರತಿಯೊಬ್ಬರನ್ನೂ ಮುಟ್ಟಿ, ಹೂಂ ಅನ್ನುವ ಶಕ್ತಿಯನ್ನು ವಾಪಸ್ ಕೊಡುತ್ತದೆ ಅಂದರು. ಅಂದರೆ ಸ್ವಂತ ಇಚ್ಛೆಯೇ ಕೃಪೆಯ ದಾನ.

ಕೃಪೆ ಎಲ್ಲರಿಗೂ ಅಂತ 1739ರಲ್ಲಿ ಬ್ರಿಸ್ಟಲಿನಲ್ಲಿ ಅವರು ಮಾಡಿದ ಪ್ರಸಂಗ ಸ್ನೇಹಿತ ಜಾರ್ಜ್ ವೈಟ್‌ಫೀಲ್ಡರಿಗೆ ನೋವು ಕೊಟ್ಟಿತು. ವೈಟ್‌ಫೀಲ್ಡ್ ಕಾಲ್ವಿನ್ ಕಡೆಯವರು. ಮರುವರ್ಷ ಅಮೆರಿಕದಿಂದ ಉದ್ದದ ಪತ್ರ ಬರೆದು ಉತ್ತರ ಕೊಟ್ಟರು, ಅದು ಅಚ್ಚೂ ಆಯಿತು. ದಾರಿ ಬೇರೆಯಾಯಿತು, ಸ್ನೇಹ ನಿಧಾನವಾಗಿ ಮತ್ತೆ ಕೂಡಿತು. 1770ರಲ್ಲಿ ವೈಟ್‌ಫೀಲ್ಡ್ ತೀರಿಹೋದಾಗ ಅವರದೇ ಇಚ್ಛೆಯಂತೆ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ. (ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿಗೂ ಇವರಿಗೂ ಸಂಬಂಧವಿಲ್ಲ. ಅದು ಆಂಗ್ಲೋ ಇಂಡಿಯನ್ ಸಮುದಾಯದ ನಾಯಕ ವೈಟ್ ಅನ್ನುವವರ ಹೆಸರು.)

ಮೊದಲೇ ನೇಮಿಸಿದ್ದು ಅಂದರೆ ನಮ್ಮ ಹಣೆಬರಹವೇ ಅಲ್ವಾ?

ಹಣೆಬರಹದ ಹಿಂದೆ ಕರ್ಮದ ಲೆಕ್ಕ ಇರುತ್ತದೆ. ಇಲ್ಲಿ ಅದಿಲ್ಲ. ಎಲ್ಲರೂ ಒಂದೇ ಥರ ಬಿದ್ದವರು, ಅವರಲ್ಲಿ ಕೆಲವರನ್ನು ದೇವರು ಎತ್ತಿದ ಅನ್ನುವುದು ಕಾಲ್ವಿನ್ ಕಡೆಯವರ ಮಾತು. ಯಾಕೆ ಇವರನ್ನೇ ಅಂದರೆ ಕಾರಣ ದೇವರಲ್ಲೇ ಇದೆ, ಎತ್ತಿದವರಲ್ಲಿ ಇಲ್ಲ. ಮಧ್ವಮತದ ಜೀವ ತಾರತಮ್ಯದ ಜೊತೆ ಹೋಲಿಸುವವರೂ ಇದ್ದಾರೆ. ಅಲ್ಲಿ ಜೀವಗಳ ಸ್ವರೂಪದಲ್ಲೇ ಅನಾದಿಯಿಂದ ವ್ಯತ್ಯಾಸ. ಇಲ್ಲಿ ಸ್ವರೂಪದಲ್ಲಿ ವ್ಯತ್ಯಾಸವೇ ಇಲ್ಲ.

ಹೆಚ್ಚು ಹತ್ತಿರ ಬರುವುದು ಶ್ರೀವೈಷ್ಣವರ ಕೋತಿಮರಿ, ಬೆಕ್ಕಿನಮರಿ ವಾದ. ವಡಗಲೈನವರ ಪ್ರಕಾರ ಭಕ್ತ ಕೋತಿಮರಿಯ ಹಾಗೆ ತಾಯಿಯನ್ನು ಹಿಡಿದುಕೊಳ್ಳಬೇಕು. ತೆಂಗಲೈನವರ ಪ್ರಕಾರ ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುತ್ತದೆ. ಡಾರ್ಟ್‌ನವರು ಬೆಕ್ಕಿನ ಪಕ್ಷ, ಅದೂ ತಾನು ಆರಿಸಿದ ಮರಿಗಳನ್ನು ಮಾತ್ರ ಎತ್ತುವ ಬೆಕ್ಕು. ವೆಸ್ಲಿಯವರದ್ದು ಕೋತಿಯ ಪಕ್ಷ ಅನ್ನಿಸಬಹುದು, ಆದರೆ ಅವರ ಮರಿಗೆ ಹುಟ್ಟುವಾಗ ಕೈಯೇ ಇರಲಿಲ್ಲ. ಕೈ ಕೊಟ್ಟದ್ದು ತಾಯಿ. ಹಿಡಿಯುವುದು, ಬಿಡುವುದು ಮರಿಗೆ ಸೇರಿದ್ದು.

ಬೈಬಲ್ ಯಾರ ಪಕ್ಷ?

ಎರಡೂ ಕಡೆಯವರ ಹತ್ತಿರ ವಾಕ್ಯಗಳಿವೆ. ತಂದೆ ಎಳೆಯದೆ ಯಾರೂ ಬರಲಾರರು ಅಂತ ಯೋಹಾನ 6:44. ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ ಅಂತ 1 ತಿಮೊಥೆಯ 2:4. ಕೋಳಿ ಮರಿಗಳನ್ನು ಸೇರಿಸಿಕೊಳ್ಳುವಂತೆ ಸೇರಿಸಿಕೊಳ್ಳಲು ಮನಸ್ಸಿತ್ತು, ನಿಮಗೆ ಮನಸ್ಸಿರಲಿಲ್ಲ ಅಂತ ಯೇಸು ಯೆರೂಸಲೇಮಿಗೆ ಹೇಳಿದ್ದು ಮತ್ತಾಯ 23:37ರಲ್ಲಿ. ಫಿಲಿಪ್ಪಿ 2:12-13ರಲ್ಲಂತೂ ಪೌಲ ಒಂದೇ ಉಸಿರಿನಲ್ಲಿ ಎರಡೂ ಹೇಳುತ್ತಾನೆ: ನಿಮ್ಮ ರಕ್ಷಣೆಗಾಗಿ ದುಡಿಯಿರಿ, ಏಕೆಂದರೆ ನಿಮ್ಮೊಳಗೆ ಮನಸ್ಸನ್ನೂ ಕೆಲಸವನ್ನೂ ಹುಟ್ಟಿಸುವವನು ದೇವರು. ಒಂದು ಗುಂಪಿನ ವಾಕ್ಯಗಳನ್ನು ಇಟ್ಟುಕೊಂಡು ಇನ್ನೊಂದನ್ನು ತಿರುಚುವ ಕಲೆ ಎರಡೂ ಕಡೆ ಚೆನ್ನಾಗಿ ಬೆಳೆದಿದೆ.

ರಕ್ಷಿಸುವ ನಂಬಿಕೆ ಅಂದರೆ ಏನು? ಕನ್ವೆನ್ಷನ್‌ನಲ್ಲಿ ಕೈಯೆತ್ತಿದ್ದೇ ಸಾಕಾ?

ದೇವರು ಒಬ್ಬನೇ ಅಂತ ದೆವ್ವಗಳೂ ನಂಬಿ ನಡುಗುತ್ತವೆ ಅಂತ ಯಾಕೋಬ 2:19. ಹಾಗಾಗಿ ಬರೀ ಒಪ್ಪಿಕೊಳ್ಳುವುದು ಸಾಲದು ಅಂತ ಹೆಚ್ಚಿನವರ ಅಭಿಪ್ರಾಯ. ಹಳೆಯ ಪ್ರಾಟೆಸ್ಟೆಂಟ್ ಗುರುಗಳು ಮೂರು ಹಂತ ಹೇಳುತ್ತಿದ್ದರು: ವಿಷಯ ತಿಳಿಯಬೇಕು, ನಿಜ ಅಂತ ಒಪ್ಪಬೇಕು, ಆಮೇಲೆ ಕ್ರಿಸ್ತನ ಮೇಲೆ ಭಾರ ಹಾಕಬೇಕು. 18ನೇ ಶತಮಾನದ ರಾಬರ್ಟ್ ಸ್ಯಾಂಡಿಮನ್ ಮೂರನೆಯದು ಬೇಡ ಅಂದರು. ಮನಸ್ಸಿನ ಭಾವನೆಯನ್ನು ಸೇರಿಸಿದರೆ ಅದೂ ಒಂದು ಕ್ರಿಯೆಯಾಗುತ್ತದೆ ಅಂತ ಅವರ ಭಯ. ವಿಜ್ಞಾನಿ ಮೈಕೆಲ್ ಫ್ಯಾರಡೆ ಅವರ ಪಂಥದವರೇ.

ಕೈಯೆತ್ತಿಸುವುದು, ಮುಂದೆ ಬರಲು ಕರೆಯುವುದು ಅಪೊಸ್ತಲರ ಕಾಲದ ಪದ್ಧತಿಯಲ್ಲ. 1830ರ ಸುಮಾರಿಗೆ ಅಮೆರಿಕದಲ್ಲಿ ಚಾರ್ಲ್ಸ್ ಫಿನ್ನಿ, ನಿರ್ಧಾರ ಮಾಡುವವರು ಮುಂದಿನ ಬೆಂಚಿಗೆ ಬನ್ನಿ ಅಂತ ಕರೆದದ್ದರಿಂದ ಅದು ಹಬ್ಬಿತು. ಕೈಯೆತ್ತಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದೊಂದನ್ನೇ ಲೆಕ್ಕ ಹಿಡಿದು ಇಷ್ಟು ಆತ್ಮಗಳು ರಕ್ಷಣೆ ಹೊಂದಿದವು ಅಂತ ವರದಿ ಬರೆಯುವುದನ್ನು ವೆಸ್ಲಿಯೂ ಒಪ್ಪುತ್ತಿರಲಿಲ್ಲ, ಕಾಲ್ವಿನ್ ಅಂತೂ ಖಂಡಿತ ಇಲ್ಲ.

ಇನ್ನು ನಂಬಿಕೆ ಸಾಕಾ, ಕ್ರಿಯೆಯೂ ಬೇಕಾ ಅಂತ ಪೌಲ, ಯಾಕೋಬ ಇಬ್ಬರ ನಡುವೆ ಕಾಣುವ ಜಗಳ ಅಷ್ಟೇನೂ ದೊಡ್ಡದಲ್ಲ. ಕ್ರಿಯೆ ತೋರಿಸಿ ಕೃಪೆ ಕೊಳ್ಳಲು ಬಂದವರಿಗೆ ಪೌಲ ಬರೆದ. ನಂಬಿಕೆ ಇದೆ ಅನ್ನುತ್ತಾ ಹಸಿದವನಿಗೆ ಅನ್ನ ಹಾಕದವರಿಗೆ ಯಾಕೋಬ ಬರೆದ.

ಎಲ್ಲಾ ನಿರ್ಧಾರವಾಗಿದ್ದರೆ ಪ್ರಾರ್ಥನೆ, ಸುವಾರ್ತೆ ಯಾಕೆ?

ವಾದಕ್ಕೆ ಇದು ಚೆನ್ನಾಗಿದೆ, ಚರಿತ್ರೆ ಬೇರೆ ಹೇಳುತ್ತದೆ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಕಾಲ್ವಿನ್ ಕಡೆಯ ಬ್ಯಾಪ್ಟಿಸ್ಟ್. ಬಯಲಲ್ಲಿ ಸಾವಿರಾರು ಜನಕ್ಕೆ ಪ್ರಸಂಗ ಮಾಡಿದ ವೈಟ್‌ಫೀಲ್ಡ್ ಕೂಡ. ಫಲ ಖಂಡಿತ ಸಿಗುತ್ತದೆ ಅನ್ನುವ ಧೈರ್ಯ ಅವರನ್ನು ಹೊರಡಿಸಿತು.

ನಾನು ಆರಿಸಲ್ಪಟ್ಟಿದ್ದೇನಾ ಅಂತ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆ ಕೇಳುವವರು ವಾದಕ್ಕೆ ಬಂದವರಲ್ಲ, ಹೆದರಿದವರು. ಇಂಗ್ಲಿಷ್ ಕವಿ ವಿಲಿಯಂ ಕೌಪರ್ ದೇವರು ತನ್ನನ್ನು ಕೈಬಿಟ್ಟಿದ್ದಾನೆ ಅಂತ 1773ರ ಸುಮಾರಿಗೆ ನಂಬಿಬಿಟ್ಟರು. ಇವತ್ತಿಗೂ ಹಾಡುವ ಸ್ತೋತ್ರಗಳನ್ನು ಬರೆದವರು ಅವರು. ಸ್ನೇಹಿತ ಜಾನ್ ನ್ಯೂಟನ್ ಎಷ್ಟು ಹೇಳಿದರೂ ಆ ಕತ್ತಲೆ ಪೂರ್ತಿ ಹೋಗಲಿಲ್ಲ. ಅವರಿಗಿದ್ದದ್ದು ಮನಸ್ಸಿನ ಕಾಯಿಲೆ ಕೂಡ. ಅಂಥವರಿಗೆ ಡಾಕ್ಟರೂ ಬೇಕು, ಸಿದ್ಧಾಂತ ಒಂದೇ ಸಾಲದು.

ಕಾಲ್ವಿನರೇ ಕೊಟ್ಟ ಸಲಹೆ: ದೇವರ ಗುಟ್ಟಿನ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಬೇಡಿ, ಕ್ರಿಸ್ತನನ್ನು ನೋಡಿ. ಇನ್ನೊಂದು ಕಡೆಯವರಿಗೂ ನಿಶ್ಚಿಂತೆ ಇಲ್ಲ ಅನ್ನಿ. ನಂಬಿದವನು ಬಿದ್ದುಹೋಗಬಹುದು ಅಂತ ಇಬ್ರಿಯ 6 ಓದಿ ಹೆದರಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ, ನನ್ನವರನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಅಂತ ಯೇಸು ಹೇಳುವ ಯೋಹಾನ 10:28 ತೋರಿಸಬೇಕು.

ನಮ್ಮ ಸಿ.ಎಸ್.ಐ. ಸಭೆ ಯಾವ ಕಡೆ?

ಎರಡೂ ಕಡೆ, ಅಥವಾ ಯಾವ ಕಡೆಯೂ ಅಲ್ಲ. ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದ ಲಂಡನ್ ಮಿಷನ್‌ನಲ್ಲಿ ಕಾಲ್ವಿನ್ ಪರಂಪರೆಯವರು ಜಾಸ್ತಿ. ಮೈಸೂರು ಸೀಮೆಗೆ ಬಂದವರು ವೆಸ್ಲಿಯನ್ನರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಜನರೂ ಒಟ್ಟಿಗೆ ದುಡಿದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇಂಥ ಬೇರೆ ಬೇರೆ ಹೊಳೆಗಳು ಸೇರಿದವು. ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣಗಳೇ ಆಧಾರ ಅಂದರು. ಡಾರ್ಟ್ ಒಪ್ಪಬೇಕು ಅಂತಲೂ ಇಲ್ಲ, ಬಿಡಬೇಕು ಅಂತಲೂ ಇಲ್ಲ. ವೆಸ್ಲಿಯವರನ್ನು ಕಟುವಾಗಿ ಬೈದ ಕಾಲ್ವಿನ್ ಕಡೆಯ ಟಾಪ್ಲೇಡಿಯವರ ಹಾಡನ್ನೂ, ವೆಸ್ಲಿಯವರ ತಮ್ಮ ಚಾರ್ಲ್ಸ್ ವೆಸ್ಲಿಯವರ ಹಾಡನ್ನೂ ಒಂದೇ ಭಾನುವಾರ ಹಾಡುತ್ತೇವೆ, ಯಾರಿಗೂ ಮುಜುಗರ ಆಗುವುದಿಲ್ಲ.

ಪೆಂಟೆಕೋಸ್ಟಲ್ ಸಭೆಗಳು ಹೆಚ್ಚಾಗಿ ವೆಸ್ಲಿ ಕಡೆ ವಾಲುತ್ತವೆ. ಇತ್ತೀಚೆಗೆ ಬೆಂಗಳೂರಿನಲ್ಲಿ ರಿಫಾರ್ಮ್ಡ್ ಅಂತ ಹೇಳಿಕೊಳ್ಳುವ ಇಂಗ್ಲಿಷ್ ಸಭೆಗಳೂ ಇವೆ. ಹೊಸ ಸಭೆಗೆ ಹೋದಾಗ ತಿಳಿಯಬೇಕು ಅನ್ನಿಸಿದರೆ ಉದ್ದ ಚರ್ಚೆ ಬೇಡ. ಯೇಸು ಸತ್ತದ್ದು ಯಾರಿಗೋಸ್ಕರ ಅಂತ ಪಾಸ್ಟರನ್ನು ಕೇಳಿ. ಎಲ್ಲರಿಗೋಸ್ಕರ ಅಂತ ಥಟ್ಟನೆ ಬಂದರೆ ಅವರು ವೆಸ್ಲಿ ಕಡೆ. ತನ್ನ ಜನರಿಗೋಸ್ಕರ ಅಂತ ನೋಡಿಕೊಂಡು ಹೇಳಿದರೆ ಡಾರ್ಟ್ ಕಡೆ. ಯಾಕೆ ಕೇಳುತ್ತಿದ್ದೀರಿ, ಮೊದಲು ಕಾಫಿ ಕುಡಿಯಿರಿ ಅಂದರೆ ಸಿ.ಎಸ್.ಐ. ಇರಬಹುದು.